ಹರಾಜಾದ ಕಡಲ ಮನೆ

ವಡಪಳನಿಯಿಂದ ಮರೀನಾ ಬೀಚಿಗೆ ಹೋಗುವ ನಾವೆಲ್ಲ ಕಾಮರಾಜರ್ ರಸ್ತೆಯಲ್ಲಿ ದುಂಡನೆಯ ಮುಂಭಾಗದ 'ಐಸ್ ಹೌಸ್' ನೋಡಿಯೇ ಇರುತ್ತೇವೆ. ಈಗ ಅದರ ಹೆಸರು ವಿವೇಕಾನಂದರ್ ಇಲ್ಲಂ.

1842ರ ಸುಮಾರಿಗೆ ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಅವರ ಕಂಪನಿ ಇದನ್ನು ಕಟ್ಟಿಸಿತು. ಅಮೆರಿಕದ ಕೆರೆಗಳ ಮಂಜುಗಡ್ಡೆ ಹಡಗಿನಲ್ಲಿ ಬಂದು ಇಲ್ಲಿ ದಾಸ್ತಾನಾಗುತ್ತಿತ್ತು. ಯಂತ್ರದಿಂದ ಐಸ್ ಇಲ್ಲಿಯೇ ತಯಾರಾಗತೊಡಗಿದಾಗ ಆ ವ್ಯಾಪಾರ ನಿಂತಿತು. ವಕೀಲರಾದ ಬಿಳಿಗಿರಿ ಅಯ್ಯಂಗಾರ್ ಕಟ್ಟಡವನ್ನು ಕೊಂಡು, ಗಾಳಿ ಬೆಳಕಿನ ಬಂಗಲೆಯಾಗಿ ಮಾರ್ಪಡಿಸಿ, ನ್ಯಾಯಮೂರ್ತಿ ಕರ್ನನ್ ಅವರ ನೆನಪಿಗೆ 'ಕ್ಯಾಸಲ್ ಕರ್ನನ್' ಎಂದು ಹೆಸರಿಟ್ಟರು. 1897ರ ಫೆಬ್ರವರಿಯಲ್ಲಿ ವಿದೇಶದಿಂದ ಮರಳಿದ ಸ್ವಾಮಿ ವಿವೇಕಾನಂದರು ಇಲ್ಲಿ 9 ದಿನ ತಂಗಿದ್ದರು. ಬಳಿಕ ಸ್ವಾಮಿ ರಾಮಕೃಷ್ಣಾನಂದರು ಇಲ್ಲಿ ಮಠ ನಡೆಸಿದರು.

1902ರಲ್ಲಿ ಅಯ್ಯಂಗಾರ್ ತೀರಿಕೊಂಡರು. 1906ರಲ್ಲಿ ಮನೆ ಹರಾಜಾಯಿತು. ಕೊಳ್ಳುವ ಶಕ್ತಿ ಭಕ್ತರಿಗಿರಲಿಲ್ಲ. ಮಠ ಮೈಲಾಪುರಕ್ಕೆ ಹೋಯಿತು.

ಮುಂದೆ ಮನೆ ಸರ್ಕಾರದ ಕೈಗೆ ಬಂತು. ಇಲ್ಲಿಂದಾಚೆಗಿನ ಕಥೆ ನಾವು ಮಹಿಳೆಯರು ತಿಳಿದಿರಬೇಕಾದದ್ದು. ಸ್ವತಃ ಬಾಲವಿಧವೆಯಾಗಿ, 1911ರಲ್ಲಿ ಪದವಿ ಪಡೆದ ಸಿಸ್ಟರ್ ಸುಬ್ಬಲಕ್ಷ್ಮಿ ಅವರು ತಮ್ಮ ಆಶ್ರಯದಲ್ಲಿದ್ದ ಬಾಲವಿಧವೆಯರನ್ನು ಈ ಮನೆಗೆ ಕರೆತಂದರು. ಮೂಲೆಯ ಕತ್ತಲೆ ಕೋಣೆಯೇ ಗತಿಯಾಗಿದ್ದ ಹುಡುಗಿಯರಿಗೆ ಕಡಲ ಗಾಳಿ ಸಿಕ್ಕಿತು, ಓದು ಸಿಕ್ಕಿತು. ಎಷ್ಟೋ ಮಂದಿ ಶಿಕ್ಷಕಿಯರಾಗಿ ಸ್ವಂತ ಸಂಬಳ ಎಣಿಸಿದರು.

1997ರಿಂದ ರಾಮಕೃಷ್ಣ ಮಠವೇ ಇದನ್ನು ನೋಡಿಕೊಳ್ಳುತ್ತಿದೆ. ಸ್ವಾಮೀಜಿ ಇಲ್ಲಿದ್ದದ್ದು 9 ದಿನ. ಆ ಹುಡುಗಿಯರು ಬೆಳೆದದ್ದು ವರ್ಷಗಟ್ಟಲೆ. ಮುಂದಿನ ಸಲ ಮಕ್ಕಳೊಂದಿಗೆ ಹೋದಾಗ ಎರಡು ಕಥೆಗಳನ್ನೂ ಹೇಳೋಣ.