ಎರಡು ಕೈ, ಎರಡು ಕಾಲು

ಮೊಮ್ಮಗ ಓದಿಗೆಂದು ಊರು ಬಿಟ್ಟ ಮೇಲೆ ಅವನ ಡ್ರಮ್ ಸೆಟ್ ನನ್ನ ಪಾಲಿಗೆ ಉಳಿಯಿತು. ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಅಂತರ್ಜಾಲದ ಪಾಠ ನೋಡಿ ಕಲಿಯುತ್ತಿದ್ದೇನೆ ಎಂದರೆ ನೀವು ನಗುವಿರಿ, ನಗಿರಿ.

ಇತಿಹಾಸದ ಮೇಷ್ಟರಿಗೆ ವಾದ್ಯಕ್ಕಿಂತ ಮೊದಲು ಅದರ ಚರಿತ್ರೆ ಬೇಕು. ಮೆರವಣಿಗೆಯ ಬ್ಯಾಂಡಿನಲ್ಲಿ ಒಬ್ಬೊಬ್ಬರು ಒಂದೊಂದು ಬಾರಿಸುತ್ತಿದ್ದ ಡ್ರಮ್ಮುಗಳು ಅಮೆರಿಕದಲ್ಲಿ ಒಬ್ಬನೇ ವಾದಕನ ಸುತ್ತ ಬಂದು ಕುಳಿತವು. 1909ರಲ್ಲಿ ಷಿಕಾಗೋದ ಲುಡ್ವಿಗ್ ಸೋದರರು ವೇಗದ ಪೆಡಲ್ ತಯಾರಿಸಿದ ಮೇಲೆ ದೊಡ್ಡ ಡ್ರಮ್ ಕಾಲಿನ ವಶವಾಯಿತು. ಬಹುಕಾಲ ಆ ಕಾಲೇ ಲಯವನ್ನು ಕಾಯುತ್ತಿತ್ತು. 1940ರ ಸುಮಾರಿಗೆ ಕೆನ್ನಿ ಕ್ಲಾರ್ಕ್ ಆ ಹೊಣೆಯನ್ನು ಬಲಗೈಯ ಸಿಂಬಲ್ಲಿಗೆ ಒಪ್ಪಿಸಿದರು. ಎಡಗೈಗೂ ಕಾಲಿಗೂ ಮಾತನಾಡಲು ಬಿಡುವು ದೊರೆಯಿತು. ಅದನ್ನೇ ಅಭ್ಯಾಸಪಾಠವಾಗಿಸಿ ಜಿಮ್ ಚೇಪಿನ್ 1948ರಲ್ಲಿ ಪುಸ್ತಕ ತಂದರು. ಇಂದು ತೆರೆಯ ಮೇಲಿನ ನನ್ನ ಗುರುವೂ ಹೇಳುವುದು ಇಷ್ಟೇ: ಸಿಂಬಲ್ ನಿಲ್ಲಬಾರದು, ಎಡಗೈ ತನಗೆ ತೋಚಿದ್ದನ್ನು ನುಡಿಯಬೇಕು. ನಮ್ಮ ಸಂಗೀತಗಾರರು ಮನೋಧರ್ಮ ಎನ್ನುವುದೂ ಇದಕ್ಕೇ. ಮೃದಂಗದವರಿಗೆ ಕಾಲಿನ ಕಾಟವಿಲ್ಲ, ಅಷ್ಟೆ!

ಎಷ್ಟು ಸಲ ಹಿಂದಕ್ಕೆ ಓಡಿಸಿದರೂ ಆ ಗುರು ಬೇಸರಿಸುವುದಿಲ್ಲ. ನನ್ನ ತಪ್ಪು ಅವರಿಗೆ ಕೇಳಿಸುವುದೂ ಇಲ್ಲ. ಎಡಗೈ ಸ್ವತಂತ್ರವಾದೊಡನೆ ಬಲಗೈ ತಡವರಿಸುವುದನ್ನು ನಾನೇ ಧ್ವನಿಮುದ್ರಿಸಿಕೊಂಡು ಕೇಳಿ ಅರಿತೆ.

ಆಗ ನೆನಪಾದವನು ಹಿಂದಿನ ಬೆಂಚಿನ ಒಬ್ಬ ಹುಡುಗ. ಪಾಣಿಪತ್ ಕದನದ ಪಾಠದ ನಡುವೆ ಬೆರಳಿನಿಂದ ಡೆಸ್ಕು ನುಡಿಸುತ್ತಿದ್ದನೆಂದು ಅವನನ್ನು ಒಂದು ವಾರ ಹೊರಗೆ ನಿಲ್ಲಿಸಿದ್ದೆ. ಅವನ ಬಲಗೈ ಒಮ್ಮೆಯೂ ತಪ್ಪಿರಲಿಲ್ಲವೆಂಬುದು ಈಗ ಹೊಳೆಯುತ್ತಿದೆ. ಇದನ್ನು ಅವನು ಓದುತ್ತಿದ್ದರೆ ಒಮ್ಮೆ ಮನೆಗೆ ಬರಲಿ. ಎಡಗೈಯ ವಿಷಯದಲ್ಲಿ ಅವನನ್ನು ಕೇಳುವುದಿದೆ.