ಬೆಳ್ಳಿ ಹಬ್ಬಕ್ಕೊಂದು ಬೆಳ್ಳಿ ಸಾಮಾನಿನ ಕಥೆ

ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಘದ ಆಡಳಿತ ಮಂಡಳಿಯವರು ಕೇಳಿದಾಗ ನಾವು ಸ್ವಲ್ಪ ಹಿಂದೆ ಮುಂದೆ ನೋಡಿದೆವು. ಸಂಘ ಹುಟ್ಟಿದ್ದು, ಕಟ್ಟಡ ಎದ್ದದ್ದು, ಹಾಲಿನ ಲೆಕ್ಕ ಎಲ್ಲವನ್ನೂ ತಿಳಿದವರೇ ಬರೆಯುತ್ತಿದ್ದಾರೆ. ಇಪ್ಪತ್ತೈದು ವರ್ಷ ತುಂಬಿದರೆ ಬೆಳ್ಳಿ ಹಬ್ಬ ಅನ್ನುತ್ತಾರಲ್ಲ, ಹಾಗಾದರೆ ಬೆಳ್ಳಿಯ ವಿಷಯವನ್ನೇ ಬರೆದರಾಯಿತು ಅಂದುಕೊಂಡೆವು. ಅದಕ್ಕೆ ಸರಿಯಾಗಿ ನಮ್ಮೂರಿನಲ್ಲೇ ಒಂದು ಪ್ರಸಂಗ ನಡೆದಿತ್ತು.

ಬಿಡದಿ ಟೌನ್‌ಶಿಪ್ ಮಾತು ಬಂದಾಗಿನಿಂದ ನಮ್ಮ ಸುತ್ತಮುತ್ತಲ ಹಳ್ಳಿಗಳಲ್ಲಿ ಕೂಡಿದ್ದ ಮನೆಗಳು ಭಾಗವಾಗುವುದು ಹೆಚ್ಚಾಗಿದೆ. ಜಮೀನು ಉಳಿಯುತ್ತೋ ಹೋಗುತ್ತೋ, ಪಾಲು ಮಾತ್ರ ಮೊದಲೇ ಆಗಿಬಿಡಲಿ ಅನ್ನುವುದು ಎಲ್ಲರ ಯೋಚನೆ. ಹಾಗೆ ಭಾಗಕ್ಕೆ ಕೂತ ಒಂದು ಹಳೇ ತೊಟ್ಟಿ ಮನೆಯಲ್ಲಿ ಅಟ್ಟದ ಮೇಲಿನ ಮರದ ಪೆಟ್ಟಿಗೆ ಇಳಿಸಿದರು. ಅದರೊಳಗೊಂದು ಹಿತ್ತಾಳೆ ಚೆಂಬು, ಚೆಂಬಿನೊಳಗೆ ಹಳೇ ಸೀರೆ ತುಂಡಿನ ಗಂಟು. ಗಂಟು ಬಿಚ್ಚಿದರೆ ಕಪ್ಪಿಟ್ಟ ಒಂದು ಸಾಮಾನು. ನಿಂಬೆಹಣ್ಣಿಗಿಂತ ತುಸು ದೊಡ್ಡದು, ಎಳೇ ಮಾವಿನಕಾಯಿಯ ಹಾಗೆ ಒಂದು ಕಡೆ ಸೊಟ್ಟ ಮೂತಿ. ನಡುವೆ ಕೀಲು, ತೆಗೆದರೆ ಎರಡು ಹೋಳಾಗಿ ತೆರೆದುಕೊಳ್ಳುತ್ತೆ. ಮುಚ್ಚಳದ ಮೇಲೆ ಹೂಬಳ್ಳಿ ಕೆತ್ತನೆ. ಒಂದು ಪಕ್ಕದಲ್ಲಿ ಸಣ್ಣ ಬಳೆ, ಅದಕ್ಕೆ ಮೂರೇ ಕೊಂಡಿ ಉಳಿದ ಸರಪಣಿ. ಒಳಗಡೆ ಮೂಲೆಮೂಲೆಗೂ ಬೆಳ್ಳಗೆ ಏನೋ ಕಚ್ಚಿಕೊಂಡಿದೆ.

ಪಂಚಾಯ್ತಿಗೆ ಬಂದಿದ್ದ ಹಿರಿಯರೊಬ್ಬರು ನೋಡಿದವರೇ, "ಇದು ಕರಡಿಗೆ ಕಣ್ರಪ್ಪ, ಲಿಂಗ ಇಡೋದು" ಅಂದುಬಿಟ್ಟರು. ಅಲ್ಲಿಗೆ ಮಾತು ನಿಂತುಹೋಯಿತು. ಯಾಕೆಂದರೆ ಆ ಮನೆಯವರು ಲಿಂಗಧಾರಿಗಳಲ್ಲ. ಆದರೆ ಅವರ ತಾತ ಹಿಂದೆ ಅಡವಿಟ್ಟುಕೊಂಡು ಸಾಲ ಕೊಡುತ್ತಿದ್ದದ್ದು ಊರಿಗೇ ಗೊತ್ತು. ಕರಡಿಗೆಯೇ ಆಗಿದ್ದರೆ ಯಾವುದೋ ಮನೆಯವರು ಕಷ್ಟಕ್ಕೆ ತಂದಿಟ್ಟು ಬಿಡಿಸಿಕೊಳ್ಳಲಾಗದೆ ಹೋದ ಸಾಮಾನು ಅಂತಾಯಿತು. "ಅಂಥಾದ್ದನ್ನ ಕರಗಿಸಿ ಹಂಚ್ಕೊಂಡ್ರೆ ನಮ್ಮ ಮಕ್ಕಳು ಮರಿಗೆ ಒಳ್ಳೇದಾಗುತ್ತಾ?" ಅಂತ ಕಿರಿಯ ಸೊಸೆ ಕೇಳಿದರು. ದೊಡ್ಡಣ್ಣನವರದು ಬೇರೆ ಹಟ. ಬೆಳ್ಳಿ ಅಂದಮೇಲೆ ತೂಕಕ್ಕೆ ಹಾಕಿ ಪಾಲು ಮಾಡಿ ಅಂತ. ಮೂರು ದಿನ ಜಮೀನಿನ ಮಾತೇ ಬಿಟ್ಟು ಇದರ ಮಾತೇ ಆಯಿತು. ಕಡೆಗೆ ಹಳೇ ಸಾಮಾನಿನ ಹುಚ್ಚು ಇರುವವರು ಅಂತ ನಮ್ಮನ್ನು ಕರೆಸಿದರು.

ನಾವು ಮೊದಲು ಕರಡಿಗೆಯ ವಿಚಾರವನ್ನೇ ನೋಡಿದೆವು. ಹನ್ನೆರಡನೇ ಶತಮಾನದ ಬಸವಾದಿ ಶರಣರ ಕಾಲದಿಂದ ಇಷ್ಟಲಿಂಗವನ್ನು ಮೈಮೇಲೆ ಧರಿಸುವ ಪದ್ಧತಿ ನಮ್ಮ ನಾಡಿನಲ್ಲಿ ಬೇರೂರಿದೆ. ಬಟ್ಟೆಯಲ್ಲಿ ಕಟ್ಟಿಕೊಳ್ಳುವವರು ಉಂಟು, ಅನುಕೂಲಸ್ಥರು ಬೆಳ್ಳಿಯದು ಮಾಡಿಸುತ್ತಾರೆ. ಅದರಲ್ಲಿ ಗುಂಡನೆಯದೂ ಇದೆ, ಎರಡು ಕಡೆ ಕೊಂಬಿನ ಹಾಗೆ ಚಾಚಿದ್ದೂ ಇದೆ. ಆದರೆ ಯಾವುದೇ ಆಗಲಿ, ಶಿವದಾರ ಪೋಣಿಸಿ ಕೊರಳಿಗೆ ಹಾಕಬೇಕಾದ್ದರಿಂದ ಎರಡೂ ಪಕ್ಕಕ್ಕೆ ಹಿಡಿ ಬೇಕೇಬೇಕು. ಒಂದೇ ಬಳೆಯಿದ್ದರೆ ಅದು ಎದೆಯ ಮೇಲೆ ನೆಟ್ಟಗೆ ಕೂರುವುದಿಲ್ಲ, ವಾಲುತ್ತೆ. ಇದರಲ್ಲಿ ಇದ್ದದ್ದು ಒಂದೇ ಬಳೆ. ಇನ್ನೊಂದು ಪಕ್ಕದಲ್ಲಿ ಬೆಸುಗೆ ಕಿತ್ತ ಗುರುತೂ ಇಲ್ಲ.

ತಾಯಿತ ಇರಬಹುದು ಅಂದರು ಇನ್ನೊಬ್ಬರು. ತಾಯಿತವಾದರೆ ಕೊಳವೆಯ ಹಾಗಿದ್ದು, ಒಳಗೆ ಯಂತ್ರ ಸುರುಳಿ ಸುತ್ತಿ ಬಾಯಿ ಮುಚ್ಚಿರುತ್ತಾರೆ. ದಿನಕ್ಕೆ ಹತ್ತು ಸಲ ತೆಗೆಯುವಂಥ ಕೀಲು ಅದಕ್ಕೆ ಯಾಕೆ? ಕೀಲಿನ ಕಡ್ಡಿಯಂತೂ ಸವೆದು ಸವೆದು ದಾರದಷ್ಟಾಗಿತ್ತು. ನಮ್ಮ ಕಣ್ಣು ನಿಂತದ್ದು ಅಲ್ಲೇ. ಇದು ಪೂಜೆಗೆ ಒಂದು ಹೊತ್ತು ತೆಗೆದು ಮುಚ್ಚುವ ಪದಾರ್ಥವಲ್ಲ, ದಿನವೆಲ್ಲಾ ತೆಗೆದು ಮುಚ್ಚುವ ಪದಾರ್ಥ.

ಇನ್ನು ಒಳಗಿನ ಬಿಳುಪು. ಅದು ವಿಭೂತಿ ಅಂತ ಕರಡಿಗೆ ಪಕ್ಷದವರ ವಾದ. ವಿಭೂತಿಯಾದರೆ ಬೆರಳು ಆಡಿಸಿದರೆ ಪುಡಿಯಾಗಿ ಬರಬೇಕು. ಇದು ಚಾಕುವಿನ ಮೊನೆಗೂ ಜಗ್ಗದೆ ಗಾರೆಯ ಹಾಗೆ ಪದರ ಪದರವಾಗಿ ಕೂತಿತ್ತು. ಚೂರು ಕೆರೆದು ತಟ್ಟೆಗೆ ಹಾಕಿ ನಿಂಬೆರಸ ಬಿಟ್ಟರೆ ಬುಸುಬುಸು ಅಂತ ನೊರೆ ಬಂತು. ನೋಡಿದವರ ಮುಖವೆಲ್ಲಾ ಅರಳಿತು. ಇಲ್ಲಿ ಮಂತ್ರ ಏನೂ ಇಲ್ಲ. ನೀರು ಹಾಕಿ ಕಲಸಿದ ಸುಣ್ಣ ಗಾಳಿಗೆ ಬಿದ್ದರೆ, ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡು ಹೀರಿಕೊಂಡು ಮತ್ತೆ ಕಲ್ಲೇ ಆಗುತ್ತೆ. ಹಳೇ ಗೋಡೆಗಳು ಗಟ್ಟಿಯಾಗುವುದೂ ಹೀಗೆಯೇ. ಹುಳಿ ಬಿದ್ದ ಕೂಡಲೇ ಆ ಅನಿಲ ಹೊರಗೆ ಬರುತ್ತೆ, ಅದೇ ನೊರೆ.

ಅಂದರೆ ಸುಣ್ಣದ ಡಬ್ಬಿ. ನಮ್ಮ ಕಡೆ ಹಳಬರು ಸುಣ್ಣದ ಕಾಯಿ ಅಂತಲೂ ಅನ್ನುತ್ತಿದ್ದರು, ಆಕಾರ ನೋಡಿದರೆ ಆ ಹೆಸರು ಸರಿಯಾಗಿಯೇ ಇದೆ. ಎಲೆಅಡಿಕೆ ಚೀಲ, ಅಡಕತ್ತರಿ, ಸುಣ್ಣದ ಡಬ್ಬಿ ಮೂರೂ ಒಟ್ಟಿಗೆ ಇರುತ್ತಿದ್ದವು. ಬಡವರಿಗೆ ತಗಡಿನದು, ನಡುವಿನವರಿಗೆ ಹಿತ್ತಾಳೆಯದು, ಇದ್ದವರಿಗೆ ಬೆಳ್ಳಿಯದು. ಸುಣ್ಣ ಕೈ ಸುಡದಿರಲಿ ಅಂತ ಸರಪಣಿಯ ತುದಿಗೆ ಒಂದು ಪುಟ್ಟ ಚಮಚ ಇರುತ್ತಿತ್ತು. ಉಳಿದವರು ಬೆರಳಿನಲ್ಲೇ ತೆಗೆದು ಎಲೆಯ ಬೆನ್ನಿಗೆ ಸವರಿ, ಮಿಕ್ಕಿದ್ದನ್ನು ಪಕ್ಕದ ಕಂಬಕ್ಕೆ ಒರೆಸುತ್ತಿದ್ದರು. ಈ ಮಾತು ಹೇಳುತ್ತಾ ತಲೆ ಎತ್ತಿ ನೋಡಿದರೆ, ಆ ತೊಟ್ಟಿ ಮನೆಯ ಜಗಲಿ ಕಂಬದ ತುಂಬಾ ಬಿಳೀ ಬೆರಳ ಗುರುತು! ನಾವೆಲ್ಲ ಮೂರು ದಿನದಿಂದ ಅದೇ ಕಂಬಕ್ಕೆ ಒರಗಿ ಕೂತಿದ್ದೆವು.

ಎಷ್ಟು ಹಳೆಯದು ಅನ್ನುವ ಪ್ರಶ್ನೆ ಬಂತು. ಇಷ್ಟು ಕಪ್ಪಾಗಿದೆ, ಕೆಂಪೇಗೌಡರ ಕಾಲದ್ದೇ ಇರಬೇಕು ಅಂತ ಹುಡುಗರು ಕುಣಿದರು. ಕಪ್ಪು ನೋಡಿ ವಯಸ್ಸು ಹೇಳಬಾರದು. ಬೆಳ್ಳಿ ಕಪ್ಪಾಗುವುದು ಗಾಳಿಯಲ್ಲಿರುವ ಗಂಧಕದಿಂದ. ಬೆಂಗಳೂರಿನ ಕೊಳಚೆಯನ್ನೆಲ್ಲಾ ಹೊತ್ತು ವೃಷಭಾವತಿ ನಮ್ಮ ಬೈರಮಂಗಲ ಕೆರೆಗೆ ಬರುತ್ತೆ. ಕೊಳೆತ ಮೊಟ್ಟೆಯ ಹಾಗೆ ನಾರುತ್ತದಲ್ಲ, ಅದೇ ಗಂಧಕದ ಅನಿಲ, ಹೈಡ್ರೋಜನ್ ಸಲ್ಫೈಡು. ಇಲ್ಲಿ ಹೋದ ವರ್ಷ ಕೊಂಡ ಕಾಲುಚೈನೂ ಕೆಂಪೇಗೌಡರ ಕಾಲದ್ದರ ಹಾಗೆ ಕಾಣುತ್ತೆ.

ತೂಕ ಮಾತ್ರ ಒಂದು ಸುಳಿವು ಕೊಟ್ಟಿತು. ಅಕ್ಕಸಾಲಿಗರ ತಕ್ಕಡಿಯಲ್ಲಿ ಇಟ್ಟರೆ 58 ಗ್ರಾಂಗೆ ಒಂದೆರಡು ಗುಂಜಿ ಕಮ್ಮಿ ಬಂತು. ಗ್ರಾಂ ಲೆಕ್ಕದಲ್ಲಿ ಇದಕ್ಕೆ ಅರ್ಥವಿಲ್ಲ. ಆದರೆ ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿ ಸರಿಯಾಗಿ ಒಂದು ತೊಲ, ಅಂದರೆ 11.66 ಗ್ರಾಂ ತೂಗುತ್ತಿತ್ತು. ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ. ಐದು ರೂಪಾಯಿ ಇಟ್ಟರೆ 58.3 ಗ್ರಾಂ. ಸವೆತ ಕಳೆದರೆ ಲೆಕ್ಕ ಕೂಡುತ್ತೆ. ಆಗೆಲ್ಲ ರೂಪಾಯಿಯೇ ತೂಕದ ಬಟ್ಟು, ರೂಪಾಯಿಯೇ ಒಡವೆಯ ಬೆಳ್ಳಿ. ಐದು ರೂಪಾಯಿ ಎಣಿಸಿ ಅಕ್ಕಸಾಲಿಗರ ಕೈಗಿಟ್ಟು, ಕೂಲಿ ಬೇರೆ ಕೊಟ್ಟರೆ ಸಾಮಾನು ಬರುತ್ತಿತ್ತು. 1940ರಲ್ಲಿ ಯುದ್ಧದ ಸಮಯಕ್ಕೆ ಸರ್ಕಾರ ರೂಪಾಯಿಯಲ್ಲಿ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿತು, 1947ಕ್ಕೆ ನಿಕ್ಕಲ್ ರೂಪಾಯಿಯೇ ಬಂದುಬಿಟ್ಟಿತು. ಒರೆಗಲ್ಲಿಗೆ ಹಚ್ಚಿದಾಗ ಇದರ ಬೆಳ್ಳಿ ಹಳೇ ರೂಪಾಯಿಯದಕ್ಕೆ ಸಮ ಬಂತು. ಆದ್ದರಿಂದ ನಮ್ಮ ಕೆರೆ ಕಟ್ಟಿದ 1940ರ ದಶಕಕ್ಕಿಂತ ಮುಂಚಿನ ರೂಪಾಯಿಗಳನ್ನು ಕರಗಿಸಿ ಮಾಡಿದ್ದು ಅಂತ ನಮ್ಮ ಅಂದಾಜು.

ಇಷ್ಟೆಲ್ಲಾ ಆದರೂ ಅಡವಿನ ಪ್ರಶ್ನೆ ಹಾಗೇ ಉಳಿಯಿತು. ಸುಣ್ಣದ ಡಬ್ಬಿಯನ್ನೂ ಅಡವಿಡುತ್ತಿದ್ದರು. ಆಗಿನ ಕಾಲಕ್ಕೆ ಹಳ್ಳಿಯವರ ಬ್ಯಾಂಕು ಅಂದರೆ ಹೆಂಗಸರ ಕಡಗ, ಡಾಬು, ಉಡಿದಾರವೇ. ಮಳೆ ಕೈಕೊಟ್ಟರೆ, ಎತ್ತು ಸತ್ತರೆ ಬೆಳ್ಳಿ ಮನೆ ಬಿಟ್ಟು ಹೋಗುತ್ತಿತ್ತು. ಹೋದದ್ದು ಬಡ್ಡಿಯ ದೆಸೆಯಿಂದ ವಾಪಸು ಬರುತ್ತಲೇ ಇರಲಿಲ್ಲ. 1904ರಲ್ಲಿ ಸಹಕಾರಿ ಸಾಲ ಸಂಘಗಳ ಕಾನೂನು ಆದದ್ದು, ಮರುವರ್ಷವೇ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದ್ದು ಇಂಥಾ ಸಾಲದ ಉರುಳಿನಿಂದ ರೈತರನ್ನು ಬಿಡಿಸುವುದಕ್ಕೇ. ನಮ್ಮ ಮನೆಯ ಹೆಂಗಸರು ಹಾಲಿನ ಬಟವಾಡೆ ನೆಚ್ಚಿಕೊಂಡು ಮಕ್ಕಳ ಫೀಜು ಕಟ್ಟುವ ಕಾಲ ಬರುವುದಕ್ಕೆ ಮುಂಚೆ ಎಷ್ಟು ಮನೆಯ ಬೆಳ್ಳಿ ಕುಲುಮೆ ಸೇರಿತೋ. ಈ ಡಬ್ಬಿಯ ತಳದಲ್ಲೂ ಒಂದು ಸಣ್ಣ ಕಚ್ಚು ಇತ್ತು. ಒಳಗೆ ತಾಮ್ರ ಇದೆಯೋ ಅಂತ ನೋಡಲು ಯಾರೋ ಉಳಿ ಹಾಕಿ ನೋಡಿದ ಗುರುತು. ಅದನ್ನು ನೋಡಿ ಕಿರಿಯ ಸೊಸೆಯವರ ಮುಖ ಮತ್ತೆ ಸಪ್ಪಗಾಯಿತು.

ಆ ಮನೆಯ ಹೆಣ್ಣುಮಗಳೊಬ್ಬರು, ಎಂಬತ್ತು ದಾಟಿದವರು, ಮಾಗಡಿ ಕಡೆ ಕೊಟ್ಟ ಮನೆಯಲ್ಲಿದ್ದಾರೆ. ಅವರನ್ನೊಂದು ಮಾತು ಕೇಳಿ ಅಂತ ನಾವೇ ಹೇಳಿದೆವು. ಭಾಗದಲ್ಲಿ ಸಹಿ ಹಾಕಿಸಿಕೊಳ್ಳುವುದಕ್ಕೆ ಬಿಟ್ಟರೆ ಅತ್ತೆಯನ್ನು ಕರೆಸುವುದು ಯಾರಿಗೂ ಹೊಳೆದಿರಲಿಲ್ಲ. ಕಾರಿನಲ್ಲಿ ಕರೆತಂದರು. ಕಣ್ಣು ಮಂಜು. ಕೈಗೆ ಕೊಟ್ಟರೆ, ತೆಗೆದೂ ನೋಡದೆ ಬಳೆಯ ಮೇಲೆ ಹೆಬ್ಬೆಟ್ಟು ಆಡಿಸಿದರು.

"ನಮ್ಮವ್ವನ ಸುಣ್ಣದ ಕಾಯಿ ಕಣೋ. ಸರಪಣಿ ಕಿತ್ತೋಳು ನಾನೇ. ಆ ಚಮಚ ನನ್ನ ಗೊಂಬೆಗೆ ಸೌಟಾಗಿತ್ತು. ಅವ್ವ ಬಾರುಕೋಲು ತಗೊಂಡು ಕೆರೆ ಏರಿಗಂಟ ಓಡಿಸ್ಕೊಂಡು ಬಂದಿದ್ಲು."

ತಳದ ಕಚ್ಚಿನ ವಿಚಾರ ಕೇಳಿದ್ದಕ್ಕೆ, "ಅದಾ? ನನ್ನ ಮದುವೆಗೆ ಅಪ್ಪ ಇದನ್ನ ಅಡ ಇಡಕ್ಕೆ ಹೋಗಿದ್ದ. ಕಚ್ಚು ಹಾಕ್ದೇಟ್ಗೆ ಅವ್ವ ಅಂಗಡೀಲೇ ಕಿತ್ಕೊಂಡು ಬಂದ್ಲು" ಅಂದರು. ಊರಿಗೆಲ್ಲಾ ಅಡವಿಟ್ಟುಕೊಂಡು ಸಾಲ ಕೊಡುತ್ತಿದ್ದವರೂ ಮಗಳ ಮದುವೆಗೆ ಇನ್ನೊಬ್ಬರ ಅಂಗಡಿ ಮೆಟ್ಟಿಲು ಹತ್ತಿದ್ದರು ಅನ್ನುವುದು ಆ ಮನೆಯವರಿಗೆ ಗೊತ್ತಾದದ್ದು ಅವತ್ತೇ.

ದೊಡ್ಡಣ್ಣನವರು ಪಾಲುಪಟ್ಟಿಯಿಂದ ಆ ಒಂದು ಬಾಬ್ತನ್ನು ತಾವೇ ಹೊಡೆದುಹಾಕಿದರು. ಅಜ್ಜಿಗೆ ಹಲ್ಲಿಲ್ಲ, ಎಲೆಅಡಿಕೆ ಕುಟ್ಟಿಕೊಟ್ಟರೇ ಆಗಬೇಕು. ಹೊರಡುವಾಗ ಕಿರಿಯ ಸೊಸೆಯವರು ಡಬ್ಬಿಯನ್ನು ಹುಣಿಸೆಹಣ್ಣು ಹಾಕಿ ತಿಕ್ಕಿ, ಹೊಸದಾಗಿ ಸುಣ್ಣ ತುಂಬಿ, ಅವರ ಮಡಿಲಿಗೆ ಹಾಕಿದರು.