ಮನವಿಪತ್ರದಿಂದ ಕಾಯಿದೆಗೆ: ಮುಂಬಯಿ ಪ್ರಾಂತದ ಎರಡು ಪ್ರಯತ್ನಗಳು

ಪ್ರಜೆಗಳು ತಮ್ಮ ಅಭಿಪ್ರಾಯವನ್ನು ಆಳುವವರಿಗೆ ಬರೆದು ತಿಳಿಸುವ ಪದ್ಧತಿ ಮುಂಬಯಿ ಪ್ರಾಂತದಲ್ಲಿ ಬಲಗೊಳ್ಳಲು ಅಂಚೆಯೂ ರೈಲೂ ಕಾರಣವಾದುವು. 1853ರಲ್ಲಿ ಬೋರಿಬಂದರಿನಿಂದ ಠಾಣೆಗೆ ಮೊದಲ ಪ್ರಯಾಣಿಕರ ರೈಲು ಓಡಿತು. ಮರುವರ್ಷ ದೂರದ ಲೆಕ್ಕವಿಲ್ಲದೆ ಅರ್ಧಾಣೆಗೆ ಕಾಗದ ಕಳುಹಿಸುವ ಏರ್ಪಾಡಾಯಿತು. 1879ರಲ್ಲಿ ಕಾಲಾಣೆಯ ಕಾರ್ಡು ಬಂದಿತು. ಅಲ್ಪ ವೆಚ್ಚದಲ್ಲಿ ದೂರದ ಮುಖಂಡರನ್ನು ಮುಟ್ಟುವ ಸಾಧನವೊಂದು ಸಾಮಾನ್ಯರಿಗೂ ದೊರೆತಂತಾಯಿತು.

ಈ ಸಾಧನವನ್ನು ಸ್ತ್ರೀಯರ ಪ್ರಶ್ನೆಗೆ ದೊಡ್ಡ ಪ್ರಮಾಣದಲ್ಲಿ ಬಳಸಿದವನು ಪಾರ್ಸಿ ಪತ್ರಿಕಾಕರ್ತ ಬೆಹರಾಮ್‌ಜಿ ಮಲಬಾರಿ. 1884ರಲ್ಲಿ ಆತನು ಬಾಲ್ಯವಿವಾಹ, ಬಲವಂತದ ವೈಧವ್ಯಗಳನ್ನು ಕುರಿತ ತನ್ನ ಟಿಪ್ಪಣಿಗಳನ್ನು ಸುಮಾರು 4,000 ಮಂದಿ ಆಂಗ್ಲ ಅಧಿಕಾರಿಗಳಿಗೂ ಹಿಂದೂ ಮುಖಂಡರಿಗೂ ಕಳುಹಿಸಿದನು. ವಾದ ಪ್ರತಿವಾದಗಳು ಬೆಳೆದುವು. 1891ರಲ್ಲಿ ಸಮ್ಮತಿ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸಿದ ಕಾಯಿದೆ ಹೊರಟಿತು. ಅದನ್ನು ವಿರೋಧಿಸಿದವರೂ ಮನವಿಗಳನ್ನೇ ಕಳುಹಿಸಿದರು. ಮೈಸೂರು ಸಂಸ್ಥಾನವು 1894ರಲ್ಲಿ ಎಂಟು ವರ್ಷಕ್ಕೆ ಕಡಿಮೆ ವಯಸ್ಸಿನ ಬಾಲಿಕೆಯರ ವಿವಾಹವನ್ನು ನಿಷೇಧಿಸಿತು.

ಇದಾದ ನೂರು ವರ್ಷಗಳ ಬಳಿಕ ಅದೇ ಮುಂಬಯಿಯಲ್ಲಿ ಇನ್ನೂ ಸೂಕ್ಷ್ಮವಾದ ಪ್ರಶ್ನೆ ಎದ್ದಿತು. ಗರ್ಭಪಾತವನ್ನು 1860ರ ದಂಡಸಂಹಿತೆ ಅಪರಾಧವೆಂದಿತ್ತು. ಶಾಂತಿಲಾಲ್ ಷಾ ಸಮಿತಿಯು 1966ರಲ್ಲಿ ನೀಡಿದ ವರದಿಯನ್ನು ಅನುಸರಿಸಿ 1971ರ ಕಾಯಿದೆ ಅದನ್ನು ನಿರ್ದಿಷ್ಟ ಕಾರಣಗಳಿಗೆ, ವೈದ್ಯರ ಅಭಿಪ್ರಾಯದ ಮೇಲೆ, ಅನುಮತಿಸಿತು. ಅದರ ಉದ್ದೇಶ ತಾಯಿಯ ಜೀವರಕ್ಷಣೆ. ಆದರೆ ಗರ್ಭದ್ರವದ ಪರೀಕ್ಷೆಯಿಂದ ಶಿಶುವಿನ ಲಿಂಗ ತಿಳಿಯುವಂತಾದಾಗ, ಹೆಣ್ಣೆಂದು ಕಂಡ ಗರ್ಭವನ್ನು ತೆಗೆಸುವ ದುರಾಚಾರ ಬೆಳೆಯಿತು. ಈಗ ಐನೂರು ವೆಚ್ಚಮಾಡಿದರೆ ಮುಂದೆ ಐದು ಲಕ್ಷದ ವರದಕ್ಷಿಣೆ ಉಳಿಯುವುದೆಂಬರ್ಥದ ಜಾಹೀರಾತುಗಳೂ ಕಾಣಿಸಿಕೊಂಡುವು. 1986ರಲ್ಲಿ ಮಹಾರಾಷ್ಟ್ರ ಸರ್ಕಾರದ ಪರವಾಗಿ ನಡೆದ ಸಮೀಕ್ಷೆಯಲ್ಲಿ ಮುಂಬಯಿಯ 50 ಮಂದಿ ಸ್ತ್ರೀರೋಗತಜ್ಞರ ಪೈಕಿ 42 ಮಂದಿ ಈ ಪರೀಕ್ಷೆ ಮಾಡುತ್ತಿದ್ದುದು ತಿಳಿದುಬಂದಿತು.

1985–86ರ ವೇಳೆಗೆ ಸ್ತ್ರೀಸಂಘಟನೆಗಳು, ವೈದ್ಯರು, ವಿಜ್ಞಾನಾಸಕ್ತರು ಕೂಡಿ ಲಿಂಗಪತ್ತೆಯ ವಿರುದ್ಧ ಒಂದು ವೇದಿಕೆಯನ್ನು ಕಟ್ಟಿದರು. ಶಾಸನಸಭೆಯಲ್ಲಿ ಮೃಣಾಲ್ ಗೋರೆಯವರು ಈ ವಿಷಯಕ್ಕಾಗಿ ಹೋರಾಡಿದರು. ಇಲ್ಲಿ ಚಳವಳಿಗಾರರ ವಿವೇಕವು ಮನನೀಯವಾದುದು. ಗರ್ಭಪಾತವನ್ನೇ ನಿಷೇಧಿಸಿರೆಂದು ಅವರು ಕೇಳಲಿಲ್ಲ. ಹಾಗೆ ಕೇಳಿದ್ದರೆ 1971ರ ಕಾಯಿದೆ ಸ್ತ್ರೀಗೆ ಕೊಟ್ಟ ರಕ್ಷಣೆಯೂ ಹೋಗಿ, ಆಕೆ ಮರಳಿ ಗುಪ್ತ ಚಿಕಿತ್ಸೆಯ ಅಪಾಯಕ್ಕೆ ಈಡಾಗುತ್ತಿದ್ದಳು. ಅವರು ತಡೆಯಬೇಕೆಂದುದು ಲಿಂಗಪರೀಕ್ಷೆಯನ್ನು; ಅಂದರೆ ಕೃತ್ಯಕ್ಕೆ ಹಿಂದಿನ ಆಯ್ಕೆಯನ್ನು.

1988ರಲ್ಲಿ ಮಹಾರಾಷ್ಟ್ರವು ದೇಶದಲ್ಲಿಯೇ ಮೊದಲಾಗಿ ಇಂಥ ಕಾಯಿದೆಯನ್ನು ಮಾಡಿತು. 1994ರಲ್ಲಿ ಕೇಂದ್ರದ ಕಾಯಿದೆ ಬಂದು 1996ರಿಂದ ಜಾರಿಯಾಯಿತು. ಆದರೂ ಅದು ಬಹುಮಟ್ಟಿಗೆ ಕಾಗದದ ಮೇಲೆಯೇ ಉಳಿದುದರಿಂದ 2000ದಲ್ಲಿ ಮುಂಬಯಿಯ ಸೆಹತ್, ಪುಣೆಯ ಮಾಸೂಮ್ ಸಂಸ್ಥೆಗಳೂ ಡಾ. ಸಾಬು ಜಾರ್ಜ್ ಅವರೂ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. 2003ರಲ್ಲಿ ಕಾಯಿದೆ ತಿದ್ದುಪಡಿಯಾಗಿ ಬಿಗಿಯಾಯಿತು.

ಫಲವೇನು? ಆರು ವರ್ಷದೊಳಗಿನ ಪ್ರತಿ ಸಾವಿರ ಗಂಡುಮಕ್ಕಳಿಗೆ ಮಹಾರಾಷ್ಟ್ರದಲ್ಲಿ 1991ರಲ್ಲಿ 946 ಹೆಣ್ಣುಮಕ್ಕಳಿದ್ದರು. 2001ರಲ್ಲಿ 913, 2011ರಲ್ಲಿ 894. ಕರ್ನಾಟಕದಲ್ಲಿ ಕ್ರಮವಾಗಿ 960, 946, 948. ಠಾಣೆಯ ನೌಪಾಡಾದಂತಹ ಬಡಾವಣೆಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ಎರಡೂ ರಾಜ್ಯಗಳ ಅಂಕಿಗಳು ಮನೆಯ ಲೆಕ್ಕವೇ ಸರಿ.

ಮನವಿಪತ್ರವು ಕಾಯಿದೆಯನ್ನು ತರಬಲ್ಲುದೆಂಬುದನ್ನು ಈ ಎರಡು ಪ್ರಯತ್ನಗಳು ತೋರಿಸುತ್ತವೆ. ಮನೆಯೊಳಗೆ ಹೆಣ್ಣಿನ ಬೆಲೆಯನ್ನು ಏರಿಸುವ ಕೆಲಸವು ಮಾತ್ರ ಯಾವ ಸಚಿವಾಲಯದ ವಿಳಾಸಕ್ಕೂ ಕಳುಹಿಸಿಕೊಡಬಹುದಾದುದಲ್ಲ.